ಇಂಗಿನ ಬಗ್ಗೆ ನಾನು ಕೇಳದ ಪ್ರಶ್ನೆ

ನನಗೆ ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ಅದು ಒಂದು ಭಾನುವಾರ, ಬೆಳಿಗ್ಗೆ ಹತ್ತು ಕಳೆದಿತ್ತು. ಸಿಡ್ನಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದೆ. ಮೆಲ್ಬರ್ನ್‌ನಿಂದ ನನ್ನ ಗಂಡನ ಅಕ್ಕ ಫೋನ್ ಮಾಡಿದ್ದರು. ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ. ಫೋನನ್ನು ಸ್ಪೀಕರಿಗೆ ಹಾಕಿ ಹಣ್ಣಿನ ಬುಟ್ಟಿಗೆ ಒರಗಿಸಿದ್ದೆ. ಆ ಕಡೆಯಿಂದ ಬಾಣಲೆಯಲ್ಲಿ ಸೌಟು ಆಡಿಸುವ ಸದ್ದು ಬರುತ್ತಿತ್ತು. ಅತ್ತಿಗೆ ಮಾತಾಡುತ್ತಲೇ ಕೊತ್ತಂಬರಿ ಬೀಜ ಹುರಿಯುತ್ತಿದ್ದರು.

ಅವರು ಸಾರಿನ ಪುಡಿ ಮಾರಲು ಹೊರಟಿದ್ದರು. ಅದುವರೆಗೆ ಗುರುತಿನವರಿಗೆ ಡಬ್ಬಿಯಲ್ಲಿ ತುಂಬಿಸಿ ಕೊಡುತ್ತಿದ್ದರು. ಚೈಲ್ಡ್‌ಕೇರ್‌ನ ಕೆಲಸ ಬಿಟ್ಟ ಮೇಲೆ ಅಲ್ಲಿನ ನಗರಸಭೆಯಾದ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಮಾಡಿಸಿ, ಮೆಲ್ಬರ್ನ್‌ನ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿ ಒಂದು ಅಡಿಗೆಮನೆಯನ್ನು ವಾರಕ್ಕೆ ಎರಡು ದಿನ ಬಾಡಿಗೆಗೆ ಹಿಡಿದಿದ್ದರು. ಇಂಡಿಯನ್ ಅಂಗಡಿಗಳಲ್ಲಿ ಇಡಬೇಕೆಂದರೆ ಪೊಟ್ಟಣದ ಮೇಲೆ ಲೇಬಲ್ ಬೇಕು. ಲೇಬಲ್ ನೋಡುವುದು ನನ್ನ ಹೊಟ್ಟೆಪಾಡಿನ ಕೆಲಸ. ಚಾಟ್ಸ್‌ವುಡ್‌ನಲ್ಲಿರುವ ಒಂದು ಆಹಾರ ಕಂಪನಿಯ ಆಫೀಸಿನಲ್ಲಿ, ಪೊಟ್ಟಣದ ಮೇಲೆ ಬರೆದಿರುವುದು ಒಳಗಿರುವುದಕ್ಕೆ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವವಳು ನಾನು. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

“ಬರ್ಕೋ,” ಅಂದರು ಅತ್ತಿಗೆ. “ಕೊತ್ತಂಬರಿ ಬೀಜ. ಬ್ಯಾಡಗಿ ಮೆಣಸಿನಕಾಯಿ. ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆ. ಕರಿಬೇವು. ಅರಿಶಿನ ಚೂರು.”

“ಅಷ್ಟೇನಾ?”

“ಅಷ್ಟೇ.”

“ಇಂಗು ಹಾಕಲ್ವಾ?”

“ಏನೇ ನೀನು, ಇಂಗಿಲ್ಲದೆ ಯಾರಾದ್ರೂ ಸಾರಿನ ಪುಡಿ ಮಾಡ್ತಾರಾ? ಅದನ್ನೂ ಬರೀಬೇಕಾ?”

“ಎಲ್ಲಾ ಬರೀಬೇಕು ಅತ್ತಿಗೆ.”

“ಬರಿ ಬರಿ. ಹುರಿಯೋಳ ಬೆವರನ್ನೂ ಬರಿ, ಸೈಂಟಿಸ್ಟ್ ಮೇಡಂ.”

ನಾನು ನಕ್ಕೆ. ಪಟ್ಟಿಯ ಕೊನೆಗೆ ಇಂಗಿನ ಇಂಗ್ಲಿಷ್ ಹೆಸರನ್ನು ಟೈಪ್ ಮಾಡಿದೆ. ಆಮೇಲೆ ಅತ್ತಿಗೆ ಕೇಳಿದರು, “ಗ್ಲೂಟನ್ ಫ್ರೀ ಅಂತ ಹಾಕ್ಲಾ? ಇಲ್ಲಿ ಅಂಗಡಿಯವರು ಅದನ್ನ ಕೇಳ್ತಾರೆ.”

“ಇದರಲ್ಲಿ ಗೋಧಿ ಎಲ್ಲಿದೆ? ಹಾಕಿ,” ಅಂದೆ.

ನಾನು ಹೇಳಿದ್ದು ಇಷ್ಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ. ಪದಾರ್ಥಗಳ ಪಟ್ಟಿಯನ್ನು ಅವರಿಗೆ ಮೆಸೇಜ್ ಮಾಡಿದೆ. ಗ್ಲೂಟನ್ ಫ್ರೀ ಎಂಬ ಎರಡು ಪದ ಆ ಮೆಸೇಜಿನಲ್ಲಿ ಇರಲಿಲ್ಲ. ಅದನ್ನು ಅತ್ತಿಗೆಯೇ ಪ್ರಿಂಟರ್‌ನವನಿಗೆ ಹೇಳಿ, ಹಸಿರು ವೃತ್ತದೊಳಗೆ ಹಾಕಿಸಿದರು.

ಈ ದೇಶದಲ್ಲಿ ಗ್ಲೂಟನ್ ಫ್ರೀ ಎಂದು ಬರೆಯಬೇಕಾದರೆ ಪರೀಕ್ಷೆಯಲ್ಲಿ ಗೋಧಿಯ ಅಂಟಾದ ಗ್ಲೂಟನ್ ಪತ್ತೆಯೇ ಆಗಬಾರದು. ಸ್ವಲ್ಪ ಇದ್ದರೆ ನಡೆಯುತ್ತದೆ ಎಂಬ ಮಾತಿಲ್ಲ. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ. ಬರೀ ಇಂಗಿನ ಘಾಟು ತಡೆಯಲಾಗದು, ಅದಕ್ಕೆ ಹಿಟ್ಟು ಬೆರೆಸುತ್ತಾರೆ. ಹೆಚ್ಚಾಗಿ ಅದು ಗೋಧಿ ಹಿಟ್ಟು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆಫೀಸಿನಲ್ಲಿ ಯಾವುದಾದರೂ ಮಸಾಲೆಯ ಕಡತದಲ್ಲಿ ಇಂಗು ಕಂಡರೆ ನಾನು ಮೊದಲು ಕೇಳುವ ಪ್ರಶ್ನೆಯೇ ಅದು: ಯಾವ ಹಿಟ್ಟಿನಲ್ಲಿ ಬೆರೆಸಿದ್ದು? ಉತ್ತರ ಬರದೆ ಸಹಿ ಹಾಕುವುದಿಲ್ಲ. ಒಂದು ಸಲ ಇದೇ ಕಾರಣಕ್ಕೆ ಒಂದು ಚಟ್ನಿಪುಡಿಯ ಕಡತವನ್ನು ಮೂರು ಬಾರಿ ವಾಪಸ್ ಕಳಿಸಿ, ಕಳಿಸಿದವರಿಂದ ಬೈಸಿಕೊಂಡಿದ್ದೆ.

ಅತ್ತಿಗೆಯನ್ನು ಕೇಳಲಿಲ್ಲ. ಡಬ್ಬಿಯ ಫೋಟೋ ಕಳಿಸಿ ಎನ್ನಲಿಲ್ಲ. ಯಾಕೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಆ ಹೊತ್ತು ನನ್ನ ಕಣ್ಣಿಗೆ ಬಂದದ್ದು ಮೈಸೂರಿನ ಮನೆಯಲ್ಲಿ ಅಮ್ಮ ಪುಟ್ಟ ಬಟ್ಟಲಿನ ನೀರಿನಲ್ಲಿ ನೆನೆಹಾಕುತ್ತಿದ್ದ ಗಟ್ಟಿ ಇಂಗು. ಏಕಾದಶಿಯ ದಿನ ಏನು ತಿನ್ನಬಹುದು, ಏನು ತಿನ್ನಬಾರದು ಎಂದು ಕಾಳು ಕಾಳಿಗೂ ಲೆಕ್ಕ ಹಾಕುತ್ತಿದ್ದ ಮನೆ ಅದು. ಅಲ್ಲಿ ಕೂಡ ಇಂಗನ್ನು ಯಾರೂ ಪ್ರಶ್ನಿಸಿದ್ದು ನೋಡಿಲ್ಲ. ಇಂಗು ಪದಾರ್ಥವೇ ಅಲ್ಲ, ಒಗ್ಗರಣೆಯ ಪರಿಮಳ ಎಂದೇ ನಾವು ತಿಳಿದಿದ್ದೆವು. ಅಮ್ಮನ ಆ ಗಟ್ಟಿ ಇಂಗಿನಲ್ಲೂ ಹಿಟ್ಟು ಇದ್ದಿರಬಹುದು. ಈಗ ತಿಳಿಯುವ ಹಾಗಿಲ್ಲ.

ಪುಡಿ ಚೆನ್ನಾಗಿ ಹೋಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಕೌನ್ಸಿಲ್‌ನವರು ಬಂದು ಪುಡಿಯ ಸ್ಯಾಂಪಲ್ ತೆಗೆದುಕೊಂಡು ಹೋದರು. ವರದಿ ಬಂದ ವಾರದಲ್ಲೇ ಎಲ್ಲ ಅಂಗಡಿಗಳಿಂದ ಪೊಟ್ಟಣ ವಾಪಸ್ ತರಿಸಬೇಕಾಯಿತು. ಅತ್ತಿಗೆ ನನಗೆ ಇಂಗಿನ ಡಬ್ಬಿಯ ಹಿಂಬದಿಯ ಫೋಟೋ ಕಳಿಸಿದರು. ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಮೊದಲ ಪದಾರ್ಥವೇ ಗೋಧಿ ಹಿಟ್ಟು ಎಂದಿತ್ತು. ಡಬ್ಬಿ ಸುಳ್ಳು ಹೇಳಿರಲಿಲ್ಲ.

“ಇಂಗಿನ ಡಬ್ಬಿ ಹಿಂದೆ ಯಾರು ಓದ್ತಾರೆ ಕಣೇ?” ಎಂದು ಫೋನಿನಲ್ಲಿ ಅತ್ತಿಗೆ ಮತ್ತೆ ಮತ್ತೆ ಕೇಳಿದರು. ನಾನು ಹೂಂ ಅಂದೆ.

ದೂರು ಕೊಟ್ಟಿದ್ದವಳು ಒಬ್ಬ ಕನ್ನಡದ ಹುಡುಗಿ. ವಯಸ್ಸು ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಮೆಲ್ಬರ್ನ್‌ನಲ್ಲೇ ಬೆಳೆದವಳು. ಗ್ಲೂಟನ್ ತಿಂದರೆ ಕರುಳಿಗೆ ಪೆಟ್ಟಾಗುವ ಕಾಯಿಲೆ ಇದೆಯೆಂದು ಅವಳಿಗೆ ಎರಡು ವರ್ಷದ ಹಿಂದೆ ಗೊತ್ತಾಗಿತ್ತು. ಅವಳು ಗ್ರಾಹಕರ ವ್ಯಾಜ್ಯಗಳನ್ನು ಕೇಳುವ ಟ್ರಿಬ್ಯುನಲ್‌ನಲ್ಲಿ ಅತ್ತಿಗೆಯ ಮೇಲೆ ಕೇಸು ಹಾಕಿದಳು. ಅವಳ ಎರಡು ಪುಟದ ಹೇಳಿಕೆಯ ಪ್ರತಿ ಅತ್ತಿಗೆಗೆ ಬಂತು, ಅವರು ನನಗೆ ಕಳಿಸಿದರು. ಅದನ್ನು ನಾನು ಟ್ರೇನಿನಲ್ಲಿ ನಿಂತುಕೊಂಡು ಓದಿದೆ.

ಚಪಾತಿ, ಉಪ್ಪಿಟ್ಟು, ಶಾವಿಗೆ, ಹೋಳಿಗೆ ಎಲ್ಲ ಬಿಟ್ಟೆ, ಸಾರು ಅನ್ನ ಒಂದು ಉಳಿಯಿತು ಎಂದು ಬರೆದಿದ್ದಳು. ನಮ್ಮವರ ಅಂಗಡಿಯಲ್ಲಿ ಹಸಿರು ವೃತ್ತ ಇದ್ದ ಪೊಟ್ಟಣ ಸಿಕ್ಕಿತೆಂದು ಖುಷಿಪಟ್ಟು ಒಟ್ಟಿಗೆ ನಾಲ್ಕು ತಂದಳಂತೆ. ಕೆಲವು ವಾರಗಳಲ್ಲಿ ಹೊಟ್ಟೆ ಕೆಟ್ಟಿತು. ಹೊಟ್ಟೆ ಕೆಟ್ಟಾಗ ನಮ್ಮ ಮನೆಗಳಲ್ಲಿ ಏನು ಕೊಡುತ್ತಾರೋ ಅದನ್ನೇ ಅವಳ ತಾಯಿ ಕೊಟ್ಟರು. ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು. ಜಾಸ್ತಿಯಾಯಿತು. ಇನ್ನೇನೂ ಬೇಡ, ಮೂರು ಹೊತ್ತೂ ಸಾರು ಅನ್ನವೇ ಇರಲಿ ಎಂದರು. ಡಾಕ್ಟರ್ ಏನು ತಿನ್ನುತ್ತೀ ಎಂದು ಕೇಳಿದಾಗಲೆಲ್ಲ ಅವಳು ‘ಬರೀ ಸಾರು ಅನ್ನ’ ಎನ್ನುತ್ತಿದ್ದಳು. ಕಾಯಿಲೆ ಬಿದ್ದಷ್ಟೂ ಅದನ್ನೇ ತಿಂದಳು, ಅದನ್ನು ತಿಂದಷ್ಟೂ ಕಾಯಿಲೆ ಬಿದ್ದಳು. ಹನ್ನೊಂದು ಕಿಲೋ ಇಳಿದು, ಕೆಲಸವನ್ನು ಅರ್ಧ ದಿನಕ್ಕೆ ತಂದುಕೊಂಡ ಮೇಲೆ, ಆಹಾರತಜ್ಞೆಯೊಬ್ಬರು ಅಡಿಗೆಮನೆಯಲ್ಲಿರುವ ಪ್ರತಿಯೊಂದು ಡಬ್ಬಿಯನ್ನೂ ಮೇಜಿನ ಮೇಲೆ ಇಡಿಸಿದರಂತೆ.

ನಾನು ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು.

ಅವಳು ಕೇಳಿದ್ದು ದೊಡ್ಡದೇನಲ್ಲ. ಕೊನೆಯ ಸಾಲು ಹೀಗಿತ್ತು: ಆ ಎರಡು ಪದ ಪೊಟ್ಟಣದ ಮೇಲೆ ಹೇಗೆ ಬಂದವು ಎಂದು ನನಗೆ ಗೊತ್ತಾಗಬೇಕು. ಮಾರಾಟವಾಗಲಿ ಎಂದು ಸುಮ್ಮನೆ ಹಾಕಿದರೋ, ಯಾರಾದರೂ ನೋಡಿ ಹಾಕಿದರೋ.

ಅತ್ತಿಗೆ ಒಬ್ಬ ವಕೀಲರನ್ನು ಹೋಗಿ ಕಂಡರು. ಮೋಸ ಮಾಡುವ ಉದ್ದೇಶ ಇರಲಿಲ್ಲ ಎನ್ನುವುದು ಇಲ್ಲಿ ಉತ್ತರವಾಗುವುದಿಲ್ಲ, ಲೇಬಲ್ ದಾರಿ ತಪ್ಪಿಸುವಂತಿತ್ತೇ ಎಂಬುದಷ್ಟೇ ಪ್ರಶ್ನೆ ಎಂದು ಅವರು ಹೇಳಿ ಕಳಿಸಿದರು. ಆ ಸಂಜೆ ಅತ್ತಿಗೆ ಫೋನ್ ಮಾಡಿದಾಗ ನನ್ನ ಗಂಡನೂ ಪಕ್ಕದಲ್ಲಿದ್ದರು.

“ಯಾರು ಹಾಕಿದ್ದು ಅಂತ ಕೇಳ್ತಾಳಂತೆ. ನಾನೇ ಹಾಕಿಸಿದ್ದು ಅಂತೀನಿ. ಇನ್ನೇನು ಹೇಳಲಿ?” ಅಂದರು ಅತ್ತಿಗೆ.

ನಾನು ನನ್ನ ಗಂಡನ ಮುಖ ನೋಡಿದೆ. ಅವರು ಬೇಡ ಎನ್ನುವಂತೆ ಕೈ ಅಲ್ಲಾಡಿಸಿದರು. ಫೋನ್ ಇಟ್ಟ ಮೇಲೆ ಹೇಳಿದರು, “ನೋಡು, ಅಕ್ಕ ನಿನ್ನ ಹೆಸರು ತರಲ್ಲ ಅಂತ ತೀರ್ಮಾನ ಮಾಡಿದಾಳೆ. ನೀನು ಹೋಗಿ ಕೆಡಿಸ್ಬೇಡ. ಆಫೀಸಿಗೆ ಗೊತ್ತಾದ್ರೆ ನಿನ್ನ ಸಹಿಗೆ ಬೆಲೆ ಇರುತ್ತಾ?”

“ಹಾಕಿ ಅಂತ ಹೇಳಿದ್ದು ನಾನು.”

“ಫೋನಲ್ಲಿ ಹೇಳಿದ್ದು. ಯಾರ ಹತ್ರ ಇದೆ ಅದು?”

ನಾನು ಎದುರಾಡಲಿಲ್ಲ. ಅತ್ತಿಗೆ ದೊಡ್ಡ ಮನಸ್ಸು ಮಾಡಿದ್ದಾರೆ, ನಾನು ಅದನ್ನು ಒಪ್ಪಿಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡೇ ಏಳು ತಿಂಗಳು ಕಳೆದೆ. ಆಫೀಸಿನಲ್ಲಿ ಸಹಿ ಹಾಕುವಾಗ ಕೈ ನಿಧಾನವಾಯಿತು. ನೋಡಿದ ಕಡತವನ್ನೇ ಮತ್ತೆ ನೋಡುತ್ತಿದ್ದೆ. ಮ್ಯಾನೇಜರ್ ಒಂದು ಸಲ, ಇತ್ತೀಚೆಗೆ ನಿನ್ನ ಟೇಬಲ್ ಮೇಲೆ ಎಲ್ಲಾ ನಿಂತುಬಿಡುತ್ತಿದೆ ಎಂದಳು. ಹುಷಾರಾಗಿ ನೋಡ್ತಿದ್ದೀನಿ ಅಂದೆ. ಅವಳು ಒಳ್ಳೆಯದು ಅಂದಳು.

ವಿಚಾರಣೆಯ ದಿನ ಅತ್ತಿಗೆಗೆ ಜೊತೆಯಾಗಿ ಇರಲೆಂದು ಮೆಲ್ಬರ್ನ್‌ಗೆ ಹೋದೆ. ಜೊತೆಗಷ್ಟೇ ಹೋಗಿದ್ದು, ಮಾತಾಡುವ ಯೋಚನೆ ಇರಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಊರಿನ ನಡುವೆ ಒಂದು ಕಟ್ಟಡದ ಮಹಡಿಯಲ್ಲಿ ಸಣ್ಣ ಕೋಣೆ. ಕೋರ್ಟಿನ ಹಾಗೆ ಕಾಣುತ್ತಿರಲಿಲ್ಲ. ತುಸು ಎತ್ತರದ ಮೇಜಿನ ಹಿಂದೆ, ತೀರ್ಪು ಕೊಡಬೇಕಾದ ನಡುವಯಸ್ಸಿನ ಹೆಂಗಸು. ಎದುರಿಗೆ ಎರಡು ಮೇಜು. ಒಂದರಲ್ಲಿ ಅತ್ತಿಗೆ, ಇನ್ನೊಂದರಲ್ಲಿ ಆ ಹುಡುಗಿ. ಇಬ್ಬರಿಗೂ ವಕೀಲರಿಲ್ಲ. ನಾನು ಹಿಂದಿನ ಕುರ್ಚಿಯಲ್ಲಿ ಕೂತೆ.

ಹುಡುಗಿ ಅತ್ತಿಗೆಯನ್ನು ನೋಡಿ “ನಮಸ್ತೆ ಆಂಟಿ” ಅಂದಳು. ಅಭ್ಯಾಸಬಲದಿಂದ ಬಂದದ್ದಿರಬೇಕು, ಅಂದಕೂಡಲೇ ಮುಖ ತಿರುಗಿಸಿಕೊಂಡಳು. ಅತ್ತಿಗೆಯ ಬಾಯಲ್ಲೂ “ಚೆನ್ನಾಗಿದೀಯಾಮ್ಮ?” ಎಂದು ಬಂದುಬಿಟ್ಟಿತು. ಹುಡುಗಿಯ ಕೋಟು ಅವಳಿಗೆ ಎರಡು ಅಳತೆ ದೊಡ್ಡದಿತ್ತು.

ಅಲ್ಲಿ ನಡೆದ ಮಾತು ಇಂಗ್ಲಿಷಿನಲ್ಲಿ. ನನಗೆ ನೆನಪಿರುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತೀರ್ಪು ಕೊಡುವವರು ಅತ್ತಿಗೆಯನ್ನು ಕೇಳಿದರು, “ಪೊಟ್ಟಣದ ಮೇಲೆ ಈ ಮಾತು ಹಾಕಿಸಿದ್ದು ಯಾರು?”

“ನಾನು.”

“ಯಾವ ಆಧಾರದ ಮೇಲೆ?”

ಅತ್ತಿಗೆ ಬಹಳ ಹೊತ್ತು ಯೋಚಿಸಿದರು. “ಆಧಾರ ಅಂತ ಏನೂ ಇಲ್ಲ. ಅಂಗಡಿಯವರು ಕೇಳುತ್ತಿದ್ದರು. ನಾನು ಹಾಕಿಸಿದೆ.”

ಹುಡುಗಿ ತಲೆ ತಗ್ಗಿಸಿ ಅದನ್ನು ಬರೆದುಕೊಂಡಳು. ಬರೆದುಕೊಂಡ ರೀತಿ ನನಗೆ ಕಾಣುತ್ತಿತ್ತು. ತನಗೆ ಬೇಕಾಗಿದ್ದ ಉತ್ತರ ಸಿಕ್ಕಿತು, ಅದು ತಾನು ಹೆದರಿದ್ದ ಉತ್ತರವೇ ಆಗಿತ್ತು ಎನ್ನುವ ಹಾಗೆ ಬರೆದು, ಅದರ ಕೆಳಗೆ ಗೆರೆ ಎಳೆದಳು. ಮಾರಾಟಕ್ಕಾಗಿ ಸುಮ್ಮನೆ ಹಾಕಿದ್ದು. ಆ ಗೆರೆಯನ್ನು ನೋಡಿದ ಮೇಲೆ ನನಗೆ ಕೂತಿರಲು ಆಗಲಿಲ್ಲ.

ಎದ್ದು ನಿಂತು, ಇದರಲ್ಲಿ ನನಗೆ ಗೊತ್ತಿರುವ ಒಂದು ವಿಷಯ ಇದೆ ಎಂದೆ. ಅತ್ತಿಗೆ ಹಿಂದೆ ತಿರುಗಿ, “ಕೂತ್ಕೋ, ಏನಾಗಿದೆ ನಿನಗೆ?” ಎಂದು ಕನ್ನಡದಲ್ಲಿ ಗದರಿದರು. ತೀರ್ಪು ಕೊಡುವವರು ನನ್ನನ್ನು ಮುಂದೆ ಕರೆದು ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ನಾನು ಆ ಭಾನುವಾರದ ಮಾತನ್ನು ಮೇಲೆ ಬರೆದಿರುವಂತೆಯೇ ಹೇಳಿದೆ. ಅತ್ತಿಗೆ ಕೇಳಿದ್ದು, ನಾನು ಹಾಕಿ ಎಂದದ್ದು. ನನ್ನ ಕೆಲಸ ಏನೆಂದೂ ಹೇಳಿದೆ.

ಹುಡುಗಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟರು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳ ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಮುಂದಕ್ಕೆ ಬಾಗಬೇಕಾಯಿತು.

“ನಿಮ್ಮ ಆಫೀಸಿಗೆ ಇದೇ ಪಟ್ಟಿ ಬಂದಿದ್ದರೆ, ಇಂಗಿನ ಬಗ್ಗೆ ಕೇಳುತ್ತಿದ್ದಿರಾ?”

“ಕೇಳುತ್ತಿದ್ದೆ.”

“ಖಂಡಿತವಾಗಿ?”

“ಖಂಡಿತವಾಗಿ. ಅದನ್ನೇ ಮೊದಲು ಕೇಳುತ್ತಿದ್ದೆ.”

“ಮತ್ತೆ ಇಲ್ಲಿ ಯಾಕೆ ಕೇಳಲಿಲ್ಲ?”

ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. “ಮನೆಯವರ ಪುಡಿ ಅಂತ,” ಅಂದೆ. “ಮನೆಯವರ ಅಡಿಗೆಯಲ್ಲಿ ನಾನು ಯಾವತ್ತೂ ಏನೂ ಕೇಳಿದವಳಲ್ಲ.”

ಅವಳು ಪೆನ್ನು ಕೆಳಗಿಟ್ಟಳು. “ನಾನು ಎಲ್ಲ ಪೊಟ್ಟಣದ ಹಿಂಬದಿಯನ್ನೂ ಓದುತ್ತೇನೆ. ಇಂಗು ಅಂದರೆ ಅಪಾಯ ಅಂತ ನನಗೂ ಯಾರೋ ಹೇಳಿದ್ದರು. ನಿಮ್ಮದನ್ನು ಓದಿದೆ, ಇಂಗು ಅಂತ ಇತ್ತು. ನಮ್ಮವರು ಬರೆದಿದ್ದಾರೆ, ನೋಡಿಯೇ ಬರೆದಿರುತ್ತಾರೆ ಅಂದುಕೊಂಡೆ.” ಇಷ್ಟು ಹೇಳಿ, ಇನ್ನೇನೂ ಕೇಳುವುದಿಲ್ಲ ಎಂದಳು.

ತೀರ್ಪು ಮೂರು ವಾರದ ನಂತರ ಅಂಚೆಯಲ್ಲಿ ಬಂತು. ಲೇಬಲ್ ದಾರಿ ತಪ್ಪಿಸುವಂತಿತ್ತು ಎಂದು ಎರಡೇ ಸಾಲಿನಲ್ಲಿ ಹೇಳಿತ್ತು. ತಪ್ಪು ಹೇಗಾಯಿತು ಎಂಬ ವಿವರವನ್ನು ಬರೆದು ಪುಡಿ ಮಾರಿದ್ದ ಪ್ರತಿ ಅಂಗಡಿಯಲ್ಲೂ ಅಂಟಿಸಬೇಕೆಂದು ಆದೇಶವಿತ್ತು. ಅದನ್ನು ನಾನೇ ಬರೆದೆ, ಅತ್ತಿಗೆ ಸಹಿ ಹಾಕಿದರು. ಅಷ್ಟರಲ್ಲಿ ನಾನು ಆಫೀಸಿನಲ್ಲೂ ಹೇಳಿಯಾಗಿತ್ತು. ಮ್ಯಾನೇಜರ್ ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದಳು. ನನ್ನ ಹಳೆಯ ಕಡತಗಳನ್ನು ಈಗ ಇನ್ನೊಬ್ಬರು ತಿರುಗಿ ನೋಡುತ್ತಿದ್ದಾರೆ. ಅದು ಮುಗಿಯುವವರೆಗೆ ನಾನು ಸಹಿ ಹಾಕುವ ಹಾಗಿಲ್ಲ. ಇದುವರೆಗೆ ತಪ್ಪು ಸಿಕ್ಕಿಲ್ಲ. ಸಿಗುವುದಿಲ್ಲ ಎಂದು ನಾನು ಹೇಳುವುದಿಲ್ಲ.

ಆದರೆ ವಿಚಾರಣೆ ಮುಗಿದು ಹೊರಗೆ ಬಂದಮೇಲೆ ನಡೆದದ್ದನ್ನು ಬಿಟ್ಟರೆ ನಾನು ಬರೆದದ್ದೆಲ್ಲ ಅರ್ಧ ಸತ್ಯವಾಗುತ್ತದೆ.

ಟ್ರಾಮ್ ಸ್ಟಾಪಿನಲ್ಲಿ ಗಾಳಿ ಜೋರಾಗಿತ್ತು. ಅತ್ತಿಗೆ ನನ್ನಿಂದ ಎರಡು ಹೆಜ್ಜೆ ದೂರ ನಿಂತಿದ್ದರು. ಸಿಟ್ಟು ಬಂದಿದೆ, ನನ್ನನ್ನು ಕಾಪಾಡಲು ಹೊರಟವರ ಮಾತನ್ನು ಮೀರಿದ್ದೇನೆ ಎಂದುಕೊಂಡು, “ಕ್ಷಮಿಸಿ ಅತ್ತಿಗೆ,” ಅಂದೆ. “ನನ್ನ ಹೆಸರು ಬರಬಾರದು ಅಂತ ನೀವು ಅಷ್ಟು ಮಾಡಿದ್ರಿ. ನನಗೆ ತಡ್ಕೊಳ್ಳಕ್ಕಾಗ್ಲಿಲ್ಲ.”

“ಏನು ಮಾಡಿದೆ ನಾನು?”

“ನಾನೇ ಹಾಕಿಸಿದ್ದು ಅಂತ ಹೇಳಿದ್ರಲ್ಲ.”

ಅವರು ನನ್ನನ್ನು ನೋಡಿದರು. “ನಿನ್ನ ಕೇಳಿದ್ದೆ ಅನ್ನೋದು ನನಗೆ ನೆನಪೇ ಇರ್ಲಿಲ್ಲ ಕಣೇ.”

ನಾನು ಅವರ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟೆ.

“ಆ ಮಗು ಬರೆದಿರೋದನ್ನ ಎಷ್ಟು ಸಲ ಓದಿದೀನಿ ಗೊತ್ತಾ? ಯಾವಾಗ ಹಾಕ್ಸಿದೆ, ಯಾಕೆ ಹಾಕ್ಸಿದೆ, ಯಾರು ಹೇಳಿದ್ರು, ಎಷ್ಟು ತಲೆ ಕೆರ್ಕೊಂಡ್ರೂ ಹೊಳೀಲಿಲ್ಲ. ದುಡ್ಡಿನಾಸೆಗೆ ನಾನೇ ಹಾಕಿಸಿರಬೇಕು ಅಂದ್ಕೊಂಡೆ. ಏಳು ತಿಂಗಳು ಕಣೇ. ಅವಳಿಗೆ ಕೈಯಾರೆ ಕೊಟ್ಟೆ ಅಂದ್ಕೊಂಡು ಒಂದು ತುತ್ತು ಸಾರು ಇಳಿದಿಲ್ಲ ನನಗೆ.”

“ಅತ್ತಿಗೆ, ನೀವು ನನ್ನ ಕಾಪಾಡ್ತಿದೀರಿ ಅಂತ...”

“ಕಾಪಾಡ್ತಿದೀನಿ ಅಂದ್ಕೊಂಡ್ಯಾ?” ಅವರು ನಕ್ಕರು, ಚೆನ್ನಾಗಿರಲಿಲ್ಲ ಆ ನಗು. “ನಾನು ಅಷ್ಟು ದೊಡ್ಡವಳಲ್ಲ. ಗೊತ್ತಿದ್ದಿದ್ರೆ ಅವತ್ತೇ ಫೋನ್ ಮಾಡಿ ಬೈತಿದ್ದೆ. ಬೈದು, ಇಬ್ರೂ ಅತ್ತು, ಮುಗಿಸ್ತಿದ್ವಿ.”

ಅವರ ಮನೆಯ ಕಡೆಯ ಟ್ರಾಮ್ ದೂರದಲ್ಲಿ ಕಂಡಿತು. ಅವರು ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡರು. ಆಮೇಲೆ ಏನೋ ಹೊಳೆದವರಂತೆ ನಿಂತರು.

“ಅವನಿಗೂ ಗೊತ್ತಿತ್ತಾ?”

ತಮ್ಮನ ಬಗ್ಗೆ ಕೇಳುತ್ತಿದ್ದರು. ಇಲ್ಲ ಎನ್ನಬಹುದಿತ್ತು. ಎಂಟು ವರ್ಷದವನಿದ್ದಾಗಿನಿಂದ ಅವರೇ ನೋಡಿಕೊಂಡು ಬೆಳೆಸಿದ ತಮ್ಮ.

“ಗೊತ್ತಿತ್ತು, ಅತ್ತಿಗೆ.”

“ಮೊದಲಿಂದ?”

“ಮೊದಲಿಂದ.”

ಅವರು ತಲೆಯಾಡಿಸಿದರು. ಟ್ರಾಮ್ ನಿಂತಿತು, ಹತ್ತಿದರು, ಆಚೆ ಬದಿಯ ಕಿಟಕಿಯ ಹತ್ತಿರ ಕೂತರು. ನಾವಿಬ್ಬರೂ ಅವರ ಮನೆಗೇ ಹೋಗಬೇಕಾಗಿತ್ತು, ನನ್ನ ಬ್ಯಾಗು ಅಲ್ಲೇ ಇತ್ತು. ಬಾಗಿಲು ಮುಚ್ಚುವವರೆಗೂ ಅವರು ನನ್ನನ್ನು ಬಾ ಎನ್ನಲಿಲ್ಲ. ನಾನೂ ಹತ್ತಲಿಲ್ಲ.